ಫ್ಯಾನಿಗೆ ಐದು ಹಂತ, ದೀಪಕ್ಕೆ ಮಾತ್ರ ಎರಡೇ ಯಾಕೆ?

ಬ್ಲಾಗಿನ ಕಡೆ ತಲೆ ಹಾಕದೆ ಮೂರು ತಿಂಗಳಾಯ್ತು. "ಎಲ್ಲಿ ಮಾಯವಾದ್ರಿ ಮಾರಾಯ್ರೇ?" ಅಂತ ಮೈಲ್ ಮಾಡಿ ಕೇಳಿದವರಿಗೆಲ್ಲ ಉತ್ತರ ಕೊಡೋಕೂ ಆಗಲಿಲ್ಲ, ಕ್ಷಮಿಸಿ. ಅಪ್ಪ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ರು. ಆಪರೇಷನ್ನು, ವಾಕರ್ರು, ಫಿಸಿಯೋಥೆರಪಿ ಅಂತ ದಿನಗಳು ಹೋದದ್ದೇ ಗೊತ್ತಾಗಲಿಲ್ಲ. ಈಗ ಪರವಾಗಿಲ್ಲ, ಕೋಲು ಹಿಡಿದು ಓಡಾಡ್ತಾರೆ. ಹಾಗಾಗಿ ಇವತ್ತು ಬರೆಯೋಕೆ ಕೂತಿದ್ದೀನಿ. ಬರೆಯೋದು ಅಪ್ಪನ ಬಗ್ಗೆ ಅಲ್ಲ, ಬಲ್ಬಿನ ಬಗ್ಗೆ. ನಗಬೇಡಿ, ಪೂರ್ತಿ ಓದಿ ಆಮೇಲೆ ಬೇಕಾದ್ರೆ ನಗಿ.

ಅಪ್ಪ ಬಿದ್ದದ್ದು ರಾತ್ರಿ ಎರಡೂವರೆಗೆ, ಬೆಂಗಳೂರಿನ ನಮ್ಮ ಫ್ಲಾಟಿನಲ್ಲಿ, ಮಂಚಕ್ಕೂ ಬಾತ್‌ರೂಮಿಗೂ ನಡುವಿನ ಹತ್ತು ಅಡಿ ಜಾಗದಲ್ಲಿ. ಕರೆಂಟು ಹೋಗಿತ್ತಾ? ಇಲ್ಲ. ಲೈಟು ಕೆಟ್ಟಿತ್ತಾ? ಇಲ್ಲ. ಸ್ವಿಚ್ಚು ದೂರ ಇತ್ತಾ? ತಲೆದಿಂಬಿನ ಪಕ್ಕದಲ್ಲೇ ಇತ್ತು. ಆಸ್ಪತ್ರೆಯಲ್ಲಿ ಸ್ವಲ್ಪ ಸುಧಾರಿಸಿಕೊಂಡ ಮೇಲೆ ಕೇಳಿದೆ, "ಲೈಟ್ ಯಾಕಪ್ಪಾ ಹಾಕ್ಲಿಲ್ಲ?" ಅಂತ. ಅಪ್ಪ ಹೇಳಿದ್ದು ಇಷ್ಟು: "ಹಾಕಿದ್ರೆ ಕಣ್ಣಿಗೆ ಹೊಡೆಯುತ್ತೆ ಕಣೋ. ಆರಿಸಿದ ಮೇಲೆ ಎಷ್ಟೋ ಹೊತ್ತು ಏನೂ ಕಾಣಲ್ಲ. ನಿಮ್ಮಮ್ಮನೂ ಎದ್ದು ಕೂರ್ತಾಳೆ. ಅದಕ್ಕಿಂತ ಕತ್ತಲೇ ವಾಸಿ ಅಂತ ಹಾಗೇ ಹೋಗ್ತಿದ್ದೆ."

ಹಾಗೇ ಹೋಗ್ತಿದ್ರಂತೆ. ಎರಡು ವರ್ಷದಿಂದ. ನಮಗ್ಯಾರಿಗೂ ಗೊತ್ತಿರಲಿಲ್ಲ.

ಆ ಟ್ಯೂಬನ್ನು ಹಾಕಿಸಿದವನು ನಾನೇ. ಹತ್ತು ಬೈ ಹನ್ನೊಂದರ ರೂಮಿಗೆ 20 ವ್ಯಾಟಿನ ಎಲ್‌ಇಡಿ ಬ್ಯಾಟನ್. ಎರಡು ಸಾವಿರ ಲ್ಯೂಮೆನ್, 6500 ಕೆಲ್ವಿನ್, ಹಾಲಿನಂಥ ಬಿಳಿ. "ವಯಸ್ಸಾದವರು, ಬೆಳಕು ಜಾಸ್ತಿ ಇರ್ಲಿ" ಅಂತ ಪ್ರೀತಿಯಿಂದಲೇ ಹಾಕಿಸಿದ್ದೆ. ಅವರಿಗೆ ನಾನು ಕೊಟ್ಟ ಆಯ್ಕೆ ಎರಡೇ: ಒಂದೋ ಎರಡು ಸಾವಿರ ಲ್ಯೂಮೆನ್, ಇಲ್ಲಾ ಸೊನ್ನೆ. ಅವರು ಸೊನ್ನೆಯನ್ನು ಆರಿಸಿಕೊಂಡರು. ನಾನಾಗಿದ್ರೂ ಅದನ್ನೇ ಮಾಡ್ತಿದ್ದೆ.

ಇದು ನನ್ನೊಬ್ಬನ ಮನೆಯ ಕಥೆ ಆಗಿದ್ರೆ ಬರೆಯುತ್ತಿರಲಿಲ್ಲ. ನಿಮ್ಮ ಮನೆಯ ಸ್ವಿಚ್ ಬೋರ್ಡನ್ನೇ ಒಂದ್ಸಲ ನೋಡಿ. ಫ್ಯಾನಿಗೆ ಒಂದು ಗುಂಡನೆ ರೆಗ್ಯುಲೇಟರ್ ಇದೆ, ಐದು ಹಂತದ್ದು. ಮಳೆಗಾಲಕ್ಕೆ ಒಂದು, ಏಪ್ರಿಲ್ಲಿಗೆ ಐದು. ಗಾಳಿ ಎಷ್ಟು ಬೇಕು ಅಂತ ನಿರ್ಧರಿಸೋ ಹಕ್ಕು ನಮಗಿದೆ ಅನ್ನೋದರಲ್ಲಿ ಯಾರಿಗೂ ಅನುಮಾನ ಇಲ್ಲ. ಗ್ಯಾಸ್ ಒಲೆಗೆ ಸಿಮ್ ಇದೆ, ಟೀವಿಗೆ ವಾಲ್ಯೂಮ್ ಇದೆ, ನಲ್ಲಿಗೆ ತಿರುಪು ಇದೆ. ದೀಪಕ್ಕೆ? ಟಕ್. ಟಕ್. ಅಷ್ಟೇ. ಬೆಳಕಿನ ವಿಷಯದಲ್ಲಿ ಮಾತ್ರ ನಾವು ಇಷ್ಟು ಬಡವರಾಗಿರೋದು ಯಾಕೆ ಅನ್ನೋದೇ ನನ್ನ ಇವತ್ತಿನ ತಕರಾರು.

*

"ಅಯ್ಯೋ, ಡಿಮ್ಮರ್ ಅನ್ನೋದೆಲ್ಲ ದೊಡ್ಡವರ ಶೋಕಿ, ಫೈವ್ ಸ್ಟಾರ್ ಹೋಟೆಲಿನವರ ಫ್ಯಾಷನ್ನು" ಅನ್ನೋರಿಗೆ ಮೊದಲ ಉತ್ತರ: ನಿಮ್ಮ ಅಜ್ಜಿ ಮನೆಯ ಲಾಟೀನನ್ನು ನೆನಪಿಸಿಕೊಳ್ಳಿ. ಅದರ ಪಕ್ಕದಲ್ಲಿ ಒಂದು ಪುಟ್ಟ ತಿರುಗಣೆ ಇತ್ತಲ್ಲ, ಏನದು? ಡಿಮ್ಮರ್ ಸ್ವಾಮೀ! ಊಟದ ಹೊತ್ತಿಗೆ ಬತ್ತಿ ಮೇಲೆ, ಮಲಗೋ ಹೊತ್ತಿಗೆ ಬತ್ತಿ ಕೆಳಗೆ. "ದೀಪ ಸಣ್ಣ ಮಾಡು" ಅಂತ ಅಜ್ಜಿ ಹೇಳಿದ್ರೆ ಮೂರು ವರ್ಷದ ಮಗುವಿಗೂ ಅರ್ಥ ಆಗ್ತಿತ್ತು. ಇವತ್ತು ನಿಮ್ಮ ಮಗನಿಗೆ ಹಾಗೆ ಹೇಳಿ ನೋಡಿ. ದೀಪವನ್ನು 'ಸಣ್ಣ' ಮಾಡೋದು ಹೇಗೆ ಅಂತ ಕೇಳ್ತಾನೆ. ಸೀಮೆಎಣ್ಣೆಗೆ ರೇಷನ್ ಕ್ಯೂ ನಿಂತವರ ಮನೆಯಲ್ಲಿ ಇದ್ದ ಸವಲತ್ತು, ಕೋಟಿ ಕೊಟ್ಟು ಫ್ಲಾಟು ತಗೊಂಡವರ ಮನೆಯಲ್ಲಿ ಇಲ್ಲ. ಶಿವನಸಮುದ್ರದ ಕರೆಂಟಿನಿಂದ ಬೆಂಗಳೂರಿನ ಬೀದಿದೀಪಗಳು ಹೊತ್ತಿದ್ದು 1905ರಲ್ಲಿ. ಅಷ್ಟು ಹಿಂದೆ ಕರೆಂಟು ಕಂಡ ಊರಿನವರು ನಾವು!

ನಮ್ಮೂರು ಸಾಗರದ ಹತ್ತಿರ. ಅಲ್ಲಿ ನಮಗೆ ಬಿಟ್ಟಿ ಡಿಮ್ಮರ್ ಕೂಡ ಇತ್ತು. ಸಂಜೆ ಏಳಾದ್ರೆ ಓಲ್ಟೇಜು ಬಿದ್ದು ಅರವತ್ತು ಕ್ಯಾಂಡಲ್ ಬಲ್ಬು ಕೆಂಡದ ಥರ ಆಗ್ತಿತ್ತು :) ನೆನಪಿದೆಯಾ, ಆಗ ಬಲ್ಬನ್ನು 'ಕ್ಯಾಂಡಲ್' ಲೆಕ್ಕದಲ್ಲೇ ಕೇಳ್ತಿದ್ದದ್ದು? ನಲವತ್ತು ಕ್ಯಾಂಡಲ್, ಅರವತ್ತು ಕ್ಯಾಂಡಲ್, ಜೀರೋ ಕ್ಯಾಂಡಲ್. ಅವರು ಹೇಳುತ್ತಿದ್ದದ್ದು ವ್ಯಾಟೇ. ಆದ್ರೆ ಪದವಾದರೂ ಬೆಳಕಿನದ್ದಾಗಿತ್ತು. ನಮ್ಮದು ಪೂರ್ತಿ ಕರೆಂಟ್ ಬಿಲ್ಲಿನ ಭಾಷೆ. "ಒಂಬತ್ತು ವ್ಯಾಟ್ ಒಂದು ಕೊಡಿ." ವ್ಯಾಟ್ ಅಂದ್ರೆ ಬಲ್ಬು ಎಷ್ಟು ತಿನ್ನುತ್ತೆ ಅನ್ನೋದು. ಎಷ್ಟು ಬೆಳಕು ಕೊಡುತ್ತೆ, ಎಂಥಾ ಬೆಳಕು ಕೊಡುತ್ತೆ ಅನ್ನೋದಲ್ಲ. ಎಮ್ಮೆ ಕೊಳ್ಳೋಕೆ ಹೋಗಿ "ದಿನಕ್ಕೆ ಎಷ್ಟು ಹುಲ್ಲು ತಿನ್ನುತ್ತೆ?" ಅಂತ ಮಾತ್ರ ಕೇಳಿ ಹಗ್ಗ ಹಿಡಿದು ವಾಪಸ್ ಬಂದ ಹಾಗೆ.

ಎಲ್‌ಇಡಿ ಬಗ್ಗೆ ನನಗೆ ದ್ವೇಷ ಇಲ್ಲ, ಇದನ್ನು ಮೊದಲೇ ಹೇಳಿಬಿಡ್ತೀನಿ. ನೀಲಿ ಎಲ್‌ಇಡಿ ಮಾಡಿ ತೋರಿಸಿದ ಅಕಸಾಕಿ, ಅಮಾನೊ, ನಕಮುರ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಕೊಟ್ಟದ್ದು ಸರಿಯಾಗೇ ಇದೆ. 2015ರಲ್ಲಿ ಉಜಾಲಾ ಯೋಜನೆ ಬಂತು, ನಮ್ಮಲ್ಲಿ ಅದಕ್ಕೆ 'ಹೊಸ ಬೆಳಕು' ಅಂತ ಹೆಸರಿಟ್ಟರು. ದೇಶದಲ್ಲಿ 36 ಕೋಟಿಗೂ ಹೆಚ್ಚು ಬಲ್ಬು ಹಂಚಿದರು, ಬೆಲೆ ಧಡಾರಂತ ಇಳಿಯಿತು. 60 ವ್ಯಾಟ್ ತಿಂದು ಏಳುನೂರು ಲ್ಯೂಮೆನ್ ಕೊಡ್ತಿದ್ದ ಬಲ್ಬಿನ ಜಾಗದಲ್ಲಿ 9 ವ್ಯಾಟ್ ತಿಂದು ಒಂಬೈನೂರು ಕೊಡೋದು ಬಂತು. ಇದು ಸಣ್ಣ ಸಾಧನೆ ಅಲ್ಲವೇ ಅಲ್ಲ. ಆದ್ರೆ ಉಳಿತಾಯದ ಖುಷಿಯಲ್ಲಿ ನಾವು ಏನು ಕಳಕೊಂಡ್ವಿ ಅಂತ ಲೆಕ್ಕ ಹಾಕಲೇ ಇಲ್ಲ.

*

ಮೊದಲನೇ ತಪ್ಪು, ಬಣ್ಣದ್ದು.

ಹಳೇ ಬಲ್ಬಿನ ಬೆಳಕು ಸುಮಾರು 2700 ಕೆಲ್ವಿನ್. ಹೊಂಬಣ್ಣ. ಅದನ್ನು ಕಡಿಮೆ ಮಾಡ್ತಾ ಹೋದ್ರೆ ತಂತಿ ತಣ್ಣಗಾಗಿ ಇನ್ನೂ ಕೆಂಪಾಗ್ತಾ ಹೋಗೋದು, ಸಂಜೆಯ ಸೂರ್ಯನ ಹಾಗೆ. ಎಲ್‌ಇಡಿ ಹಾಗಲ್ಲ. ಅದರೊಳಗೆ ಇರೋದು ನೀಲಿ ಚಿಪ್ಪು, ಮೇಲೆ ಹಳದಿ ಫಾಸ್ಫರಿನ ಲೇಪ. ನೀಲಿ ಹಳದಿ ಸೇರಿ ಕಣ್ಣಿಗೆ ಬಿಳಿ. ಲೇಪ ಕಡಿಮೆ ಇದ್ದಷ್ಟೂ ನೀಲಿ ಜಾಸ್ತಿ ಹೊರಗೆ ಬರುತ್ತೆ. ಅದೇ 6500 ಕೆಲ್ವಿನ್, ಡಬ್ಬದ ಮೇಲೆ 'ಕೂಲ್ ಡೇಲೈಟ್' ಅಂತ ಬರೆದಿರೋದು. ಇದರಲ್ಲಿ ವ್ಯಾಟಿಗೆ ಸಿಗೋ ಲ್ಯೂಮೆನ್ ಕೂಡ ಒಂಚೂರು ಜಾಸ್ತಿ. ಮಾರುವವನಿಗೆ ಅಂಕಿ ದೊಡ್ಡದಾಗಿ ಕಾಣಬೇಕು, ನಮಗೆ ಮನೆ 'ಝಗ್' ಅನ್ನಬೇಕು. ಇಬ್ಬರಿಗೂ ಒಪ್ಪಿಗೆ.

ಎಸ್.ಪಿ. ರಸ್ತೆಯಲ್ಲಿ ಒಂದು ಅಂಗಡಿಗೆ ಹೋಗಿ ವಾರ್ಮ್ ವೈಟ್ ಕೇಳಿದೆ. "ಅದು ಹೋಟ್ಲು, ಬಾರಿಗೆ ಹಾಕೋದು ಸಾರ್. ಮನೆಗೆ ವೈಟೇ ಹಾಕಿ, ನೀಟಾಗಿರುತ್ತೆ" ಅಂದ. ಸಾವಿರಾರು ವರ್ಷ ಬೆಂಕಿ, ಹಣತೆ, ಲಾಟೀನುಗಳ ಹೊಂಬೆಳಕಲ್ಲಿ ಉಂಡು ಮಲಗಿದ ನಮಗೆ ಈಗ ಹೊಂಬೆಳಕು ಬಾರಿನದ್ದು ಅನ್ನಿಸುತ್ತೆ, ಆಪರೇಷನ್ ಥಿಯೇಟರಿನ ಬೆಳಕು ಮನೆಯದ್ದು ಅನ್ನಿಸುತ್ತೆ. ಬಿಳಿ ಅಂದ್ರೆ ಸ್ವಚ್ಛ, ಬಿಳಿ ಅಂದ್ರೆ ಮುಂದುವರಿದವರು. (ಮುಖದ ಕ್ರೀಮಿನ ವಿಷಯದಲ್ಲಿ ಇದೇ ತರ್ಕಕ್ಕೆ ನಾವೆಲ್ಲ ಎಷ್ಟು ಪೋಸ್ಟ್ ಬರೆದು ಬೈದಿದ್ದೀವಿ, ಲೆಕ್ಕ ಹಾಕಿ!)

ನಮ್ಮ ಕಣ್ಣಿನಲ್ಲಿ ನೋಡೋದಕ್ಕಲ್ಲದೆ ಹಗಲು ರಾತ್ರಿಯ ಲೆಕ್ಕ ಇಡೋದಕ್ಕೇ ಬೇರೆ ಥರದ ಕೋಶಗಳಿವೆ, ಅವಕ್ಕೆ ನೀಲಿ ಬೆಳಕು ಅಂದ್ರೆ ಹಗಲು. ರಾತ್ರಿ ಹತ್ತಕ್ಕೆ ತಲೆ ಮೇಲೆ ಎರಡು ಸಾವಿರ ಲ್ಯೂಮೆನ್ ನೀಲಿ ಸುರಿದುಕೊಂಡು, ಹನ್ನೊಂದಕ್ಕೆ "ನಿದ್ದೇನೇ ಬರಲ್ಲ ಕಣ್ರೀ" ಅಂತ ಪೋಸ್ಟ್ ಹಾಕೋರು ನಮ್ಮಲ್ಲೇ ಎಷ್ಟು ಜನ ಇಲ್ಲ! ಇದರಲ್ಲಿ ಬಣ್ಣದಷ್ಟೇ ಪ್ರಮಾಣದ ತಪ್ಪೂ ಇದೆ. ಹೊಂಬೆಳಕೇ ಆದ್ರೂ ಕಣ್ಣು ಕುಕ್ಕೋಷ್ಟು ಹಾಕಿಕೊಂಡ್ರೆ ನಿದ್ದೆಗೆ ಅದೂ ಶತ್ರುವೇ. ಅದಕ್ಕೇ ಹೇಳ್ತಿರೋದು, ದೀಪ ಸಣ್ಣ ಮಾಡೋಕೆ ಬರಬೇಕು.

*

ಎರಡನೇ ತಪ್ಪು, ಡಿಮ್ಮರಿನದ್ದು. ಇಲ್ಲಿ ನಮ್ಮ ಎಲೆಕ್ಟ್ರಿಷಿಯನ್ನುಗಳಲ್ಲಿ ಎರಡು ಪಂಥ. ಒಂದು "ಎಲ್‌ಇಡಿಗೆ ಡಿಮ್ಮರ್ ಬರೋದೇ ಇಲ್ಲ ಸಾರ್" ಪಂಥ. ಇನ್ನೊಂದು "ಹಾಕಿದ್ರಾಯ್ತು ಬಿಡಿ ಸಾರ್" ಪಂಥ. ಎರಡೂ ತಪ್ಪು. ಎರಡನೆಯವನ ಮಾತು ಕೇಳಿ ನಾನು ದುಡ್ಡು ಕಳಕೊಂಡಿದ್ದೀನಿ. ಹಾಲಿನ ಆರು ಬಲ್ಬಿಗೆ ಹಳೇ ಡಿಮ್ಮರ್ ಜೋಡಿಸಿದ. ಅರ್ಧ ತಿರುಗಿಸೋವರೆಗೆ ಏನೂ ಆಗಲಿಲ್ಲ. ಆಮೇಲೆ ಗಣೇಶನ ಪೆಂಡಾಲಿನ ಸೀರಿಯಲ್ ಸೆಟ್ಟಿನ ಥರ ಮಿಣಮಿಣ. ಆಮೇಲೆ ಒಮ್ಮೆಗೇ ಕತ್ತಲೆ. ಜೊತೆಗೆ ಜೇನುಹುಳದ ಗುಂಯ್ ಸದ್ದು. ಹದಿನೈದು ದಿನದಲ್ಲಿ ಎರಡು ಬಲ್ಬು ಹೋದವು. "ಕಂಪನಿ ಮಾಲು ಸರಿ ಇಲ್ಲ" ಅಂದ.

ಮಾಲು ಸರಿಯಾಗೇ ಇತ್ತು. ನಡೆದದ್ದೇನು ಅಂದ್ರೆ, ಎಲ್‌ಇಡಿ ಬಲ್ಬಿನ ಬುಡದಲ್ಲಿ 'ಡ್ರೈವರ್' ಅಂತ ಒಂದು ಪುಟ್ಟ ಸರ್ಕ್ಯೂಟ್ ಕೂತಿರುತ್ತೆ. ಓಲ್ಟೇಜ್ ಏರಲಿ ಇಳಿಯಲಿ, ಬೆಳಕು ಮಾತ್ರ ಒಂದೇ ಸಮ ಇರಬೇಕು ಅಂತ ನೋಡಿಕೊಳ್ಳೋದೇ ಒಳ್ಳೇ ಡ್ರೈವರಿನ ಕೆಲಸ. ನಮ್ಮೂರ ಸಂಜೆಯ ಕೆಂಡದ ಬಲ್ಬು ಮಾಯವಾಗಿದ್ದು ಇವನಿಂದಲೇ. ಈಗ ಇವನ ಮುಂದೆ ನೀವು ಡಿಮ್ಮರ್ ತಂದಿಟ್ಟು "ಸ್ವಲ್ಪ ಕಡಿಮೆ ಮಾಡಪ್ಪಾ" ಅಂದ್ರೆ ಅವನಿಗೆ ಅದು ಆಜ್ಞೆ ಅಂತ ಗೊತ್ತೇ ಆಗಲ್ಲ. "ಓಹೋ, ಓಲ್ಟೇಜು ಬಿತ್ತು" ಅಂದುಕೊಂಡು ಜೀವ ಬಿಟ್ಟು ದುಡಿದು ಬೆಳಕನ್ನು ಅಷ್ಟೇ ಇಡೋಕೆ ನೋಡ್ತಾನೆ. ಕೊನೆಗೆ ಆಗದೆ ಕುಸಿದು ಬೀಳ್ತಾನೆ. ನಿಯತ್ತಿನ ಆಳು, ಆದ್ರೆ ಭಾಷೆ ಬರಲ್ಲ.

ಆ ಭಾಷೆ ಬರೋ ಡ್ರೈವರ್ ಇರೋ ಬಲ್ಬಿನ ಮೇಲೆ 'ಡಿಮ್ಮಬಲ್' ಅಂತ ಬರೆದಿರುತ್ತೆ. ಬರೆದಿಲ್ಲ ಅಂದ್ರೆ ಇಲ್ಲ ಅಂತಲೇ ಅರ್ಥ, ಅಂಗಡಿಯವನು ಅವರಪ್ಪನ ಮೇಲೆ ಆಣೆ ಮಾಡಿದ್ರೂ ನಂಬಬೇಡಿ.

ಇನ್ನು ಡಿಮ್ಮರಿನ ಕಡೆಗೆ ಬನ್ನಿ. ನಮ್ಮ 50 ಹರ್ಟ್ಸ್ ಕರೆಂಟಿನ ಅಲೆ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬಂದು ಹೋಗುತ್ತೆ. ಹಳೇ ಡಿಮ್ಮರ್ ಪ್ರತಿ ಅರ್ಧ ಅಲೆಯ ತಲೆಯನ್ನು ಕತ್ತರಿಸುತ್ತೆ, ಅಂದ್ರೆ ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಧಡ್ ಅಂತ ಬಿಡುತ್ತೆ. ತಂತಿಯ ಬಲ್ಬಿಗೆ ಇದರಿಂದ ತೊಂದರೆ ಇಲ್ಲ. ಎಲ್‌ಇಡಿ ಡ್ರೈವರಿನ ಬಾಗಿಲಲ್ಲಿ ಕೆಪಾಸಿಟರ್ ಕೂತಿರುತ್ತೆ, ಪ್ರತಿ ಸಲ ಅದಕ್ಕೆ ಒದೆ ಬಿದ್ದ ಹಾಗಾಗುತ್ತೆ. ಆ ಗುಂಯ್ ಸದ್ದು ಅದರದ್ದೇ. 'ಟ್ರೇಲಿಂಗ್ ಎಡ್ಜ್' ಡಿಮ್ಮರ್ ಅಂತ ಬರುತ್ತೆ, ಅದು ಅಲೆಯ ತಲೆ ಬಿಟ್ಟು ಬಾಲ ಕತ್ತರಿಸುತ್ತೆ. ಮೆಲ್ಲಗೆ ಶುರು, ಒದೆ ಇಲ್ಲ. ಎಲ್‌ಇಡಿಗೆ ಸಾಮಾನ್ಯವಾಗಿ ಹೊಂದೋದು ಇದೇ.

ಇನ್ನೊಂದು ಸೂಕ್ಷ್ಮ, ಕನಿಷ್ಠ ಲೋಡು. ಹಳೇ ಡಿಮ್ಮರಿನ ಮೇಲೆ 'ಕನಿಷ್ಠ 40 ವ್ಯಾಟ್', 'ಕನಿಷ್ಠ 60 ವ್ಯಾಟ್' ಅಂತೆಲ್ಲ ಇರುತ್ತೆ. ಒಂದು ಬಲ್ಬಿದ್ರೂ ಆಗ ಅದು ತುಂಬ್ತಿತ್ತು. ಈಗ ನಿಮ್ಮ ಬೆಡ್‌ರೂಮಿನ ಒಂಟಿ ಬಲ್ಬು 9 ವ್ಯಾಟು. ಡಿಮ್ಮರಿನ ಲೆಕ್ಕದಲ್ಲಿ ಅಲ್ಲಿ ಏನೂ ಇಲ್ಲ! ಮಿಣಮಿಣ ಅನ್ನದೆ ಇನ್ನೇನು ಮಾಡೀತು? ಕನಿಷ್ಠ ಲೋಡು ನಿಮ್ಮ ಬಲ್ಬುಗಳ ಒಟ್ಟು ವ್ಯಾಟಿಗಿಂತ ಕಡಿಮೆ ಇರೋ ಎಲ್‌ಇಡಿ ಡಿಮ್ಮರನ್ನೇ ಕೇಳಿ. ಮತ್ತೆ ದಯವಿಟ್ಟು, ದುಡ್ಡು ಉಳಿಸೋಕೆ ಅಂತ ಫ್ಯಾನ್ ರೆಗ್ಯುಲೇಟರಿಗೆ ಎಲ್‌ಇಡಿ ಜೋಡಿಸೋ ಮಹಾನುಭಾವರು ಇದ್ದಾರೆ, ಅದನ್ನು ಮಾಡಬೇಡಿ. ಅದು ಮೋಟರಿಗೆ ಅಂತ ಮಾಡಿದ್ದು.

*

"ಇಷ್ಟೆಲ್ಲ ಮಾಡಿ ಎಷ್ಟು ಉಳಿಯುತ್ತೆ?" ಅಂತ ಕೇಳೋರು ಇದ್ದೇ ಇರ್ತಾರೆ. ಉತ್ತರ: ಏನೂ ಉಳಿಯಲ್ಲ. ನಾನು ಸುಳ್ಳು ಹೇಳಲ್ಲ. 9 ವ್ಯಾಟಿನ ಬಲ್ಬು ದಿನಕ್ಕೆ ನಾಲ್ಕು ಗಂಟೆ ಉರಿದ್ರೆ ತಿಂಗಳಿಗೆ ಒಂದು ಯೂನಿಟ್ ಚಿಲ್ಲರೆ. ಅರ್ಧಕ್ಕೆ ಇಳಿಸಿದ್ರೆ ಅರ್ಧ ಯೂನಿಟ್ ಉಳಿತಾಯ. ಯೂನಿಟ್ಟಿಗೆ ಏಳು ರೂಪಾಯಿ ಅಂತ ಇಟ್ಟುಕೊಂಡ್ರೂ ನಾಲ್ಕು ರೂಪಾಯಿ ಆಗಲ್ಲ. ಡಿಮ್ಮರಿನ ದುಡ್ಡು ಈ ಜನ್ಮದಲ್ಲಿ ವಾಪಸ್ ಬರಲ್ಲ. ಬೆಳಕನ್ನು ಬಿಲ್ಲಿನಲ್ಲಿ ಮಾತ್ರ ಅಳೆಯೋ ಚಟವೇ ನನ್ನ ಜಗಳದ ವಿಷಯ. ಸೋಫಾದಿಂದ ಎಷ್ಟು ಉಳಿಯುತ್ತೆ ಅಂತ ಯಾರೂ ಕೇಳಲ್ಲ. ನನ್ನ ಮನೆಯಲ್ಲಿ 'ಉಳಿಸಿದ' ಡಿಮ್ಮರಿನ ದುಡ್ಡಿಗೆ ಎದುರಾಗಿ ಬಂದ ಆಸ್ಪತ್ರೆ ಬಿಲ್ಲನ್ನು ಇಲ್ಲಿ ಬರೆಯಲ್ಲ, ನಿಮಗೂ ಬೇಜಾರಾಗುತ್ತೆ.

"ಮೊಬೈಲಿನಲ್ಲೇ ಎಲ್ಲಾ ಮಾಡೋ ಸ್ಮಾರ್ಟ್ ಬಲ್ಬ್ ಹಾಕಿಸಿ" ಅನ್ನೋದು ಇನ್ನೊಂದು ಗುಂಪು. ಸ್ವತಃ ಸಾಫ್ಟ್‌ವೇರಿನವನಾದ ನನಗೆ ಮೊದಲು ಹೊಳೆದದ್ದೂ ಅದೇ. ಹಾಕಿಸಿದೆ ಕೂಡ. ಅಮ್ಮ ಮಲಗೋ ಮುಂಚೆ ಅಭ್ಯಾಸಬಲದಿಂದ ಗೋಡೆಯ ಸ್ವಿಚ್ ಆರಿಸ್ತಾಳೆ, ಬಲ್ಬಿನ ಬುದ್ಧಿಯೂ ಅಲ್ಲಿಗೆ ಆರಿ ಹೋಗುತ್ತೆ. ರಾತ್ರಿ ಎರಡೂವರೆಗೆ ಎಪ್ಪತ್ತೆಂಟು ವರ್ಷದ ಮನುಷ್ಯ ಕನ್ನಡಕ ಹುಡುಕಿ, ಫೋನ್ ಹುಡುಕಿ, ಆಪ್ ತೆರೆದು, ವೈಫೈ ಬರೋವರೆಗೆ ಕಾದು ಬಾತ್‌ರೂಮಿಗೆ ಹೋಗಬೇಕಾ? ಕೈಗೆ ಸಿಗೋ ತಿರುಗಣೆಗೆ ಪಾಸ್‌ವರ್ಡ್ ಇರಲಿಲ್ಲ. ಸ್ವಿಚ್ಚನ್ನು ಎರಡು ಮೂರು ಸಲ ಒತ್ತಿದ್ರೆ ಹಂತ ಬದಲಾಗೋ ಬಲ್ಬುಗಳೂ ಬರುತ್ತವೆ, ಒಳ್ಳೇದೇ. ಆದ್ರೆ ಕೆಲವು ಪ್ರತಿಸಲ ಮೊದಲು ಪೂರ್ತಿ ಬೆಳಕಲ್ಲೇ ಶುರುವಾಗ್ತವೆ. ಕಣ್ಣಿಗೆ ಹೊಡೆದು ಆಮೇಲೆ ಸಾರಿ ಕೇಳಿದ ಹಾಗೆ. ಹಿಂದಿನ ಹಂತ ನೆನಪಿಟ್ಟುಕೊಳ್ಳುತ್ತಾ ಅಂತ ಅಂಗಡಿಯಲ್ಲೇ ನೋಡಿ ತಗೊಳ್ಳಿ.

"ವಯಸ್ಸಾದವರಿಗೆ ಬೆಳಕು ಜಾಸ್ತಿ ಬೇಕು ಅಂತ ಡಾಕ್ಟರೇ ಹೇಳ್ತಾರಲ್ಲ?" ಅನ್ನೋ ಪ್ರಶ್ನೆ ಮಾತ್ರ ನ್ಯಾಯವಾದದ್ದು. ಹೌದು, ಬೇಕು. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತೆ, ಮಸೂರ ಹಳದಿಯಾಗುತ್ತೆ. ಇಪ್ಪತ್ತರ ಹುಡುಗನಿಗೆ ಹೋಲಿಸಿದ್ರೆ ಅರವತ್ತು ದಾಟಿದವರ ಅಕ್ಷಿಪಟಕ್ಕೆ ಸುಮಾರು ಮೂರನೇ ಒಂದು ಭಾಗ ಬೆಳಕು ಸೇರುತ್ತೆ ಅಷ್ಟೇ. ಪೇಪರ್ ಓದೋಕೆ ಅವರಿಗೆ ನಮಗಿಂತ ಜಾಸ್ತಿ ಬೆಳಕೇ ಬೇಕು. ಆದ್ರೆ ಅದೇ ಮಸೂರ ಬೆಳಕನ್ನು ಒಳಗೇ ಚದುರಿಸುತ್ತೆ, ಅದಕ್ಕೆ ಪ್ರಖರ ದೀಪ ಅವರ ಕಣ್ಣನ್ನು ನಮಗಿಂತ ಜಾಸ್ತಿ ಕುಕ್ಕುತ್ತೆ. ಮತ್ತೆ ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳೋಕೆ ಯಾರಿಗಾದ್ರೂ ಇಪ್ಪತ್ತು ಮೂವತ್ತು ನಿಮಿಷ ಬೇಕು, ಅವರಿಗೆ ಇನ್ನೂ ನಿಧಾನ. ಒಂದು ಕ್ಷಣದ ಟ್ಯೂಬ್‌ಲೈಟು ಅಷ್ಟನ್ನೂ ಅಳಿಸಿ ಹಾಕುತ್ತೆ. ಅಂದ್ರೆ ಸಂಜೆ ಆರಕ್ಕೆ ಎರಡು ಪಟ್ಟು ಬೇಕು, ರಾತ್ರಿ ಎರಡಕ್ಕೆ ಇಪ್ಪತ್ತನೇ ಒಂದು ಭಾಗ ಸಾಕು. ಇದೇ ಅಲ್ವಾ ಹೆಚ್ಚು ಕಡಿಮೆ ಮಾಡೋಕೆ ಬರಬೇಕು ಅನ್ನೋದಕ್ಕೆ ಕಾರಣ?

*

ಬೈದದ್ದು ಸಾಕು. ಪೆಟ್ಟು ತಿಂದು ಕಲಿತದ್ದನ್ನು ಕ್ರಮವಾಗಿ ಹೇಳಿ ಮುಗಿಸ್ತೀನಿ. ಮನೆ ಕಟ್ಟಿಸ್ತಿರೋ ಗೆಳೆಯರು ಬರೆದಿಟ್ಟುಕೊಳ್ಳಿ.

ಮೊದಲು ಬಣ್ಣ, ಆಮೇಲೆ ಡಿಮ್ಮರ್. ಎಲ್‌ಇಡಿ ಸಣ್ಣಗಾದ್ರೆ ಬಣ್ಣ ಬದಲಾಗಲ್ಲ ಅಂದೆನಲ್ಲ, 6500ರ ಬಿಳಿಯನ್ನು ಸಣ್ಣ ಮಾಡಿದ್ರೆ ಮನೆಗೆ ಬೂದಿ ಬಳಿದ ಹಾಗೆ, ಸೂತಕದ ಮನೆ ಥರ ಆಗುತ್ತೆ. "ಡಿಮ್ಮರ್ ಹಾಕ್ಸಿದ್ವಿ, ಚೆನ್ನಾಗಿಲ್ಲ" ಅನ್ನೋರಲ್ಲಿ ಅರ್ಧ ಜನರ ಕಾಯಿಲೆ ಇದು. ಮಲಗೋ ಕೋಣೆ, ಹಾಲಿಗೆ 2700 ಅಥವಾ 3000 ಕೆಲ್ವಿನ್. ಅಡುಗೆಮನೆ, ಓದೋ ಮೇಜಿಗೆ 4000. ತರಕಾರಿ ಜೊತೆ ಬೆರಳೂ ಹೆಚ್ಚಿಕೊಳ್ಳಬಾರದಲ್ಲ.

ಆಮೇಲೆ ಸಿಆರ್‌ಐ. ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತೆ ಅನ್ನೋ ಅಂಕ. ಹಳೇ ಬಲ್ಬಿಗೆ ನೂರಕ್ಕೆ ನೂರು. ಎಲ್‌ಇಡಿಗೆ 80 ಸಾಮಾನ್ಯ, 90 ಒಳ್ಳೇದು. ಅಗ್ಗದ ಎಲ್‌ಇಡಿಯಲ್ಲಿ ಮೊದಲು ಸಾಯೋದು ಕೆಂಪು. ಕುಂಕುಮ ಕಂದಾಗಿ, ಟೊಮ್ಯಾಟೊ ಸಾರು ಮಣ್ಣಾಗಿ ಕಾಣ್ತಿದ್ರೆ ತಪ್ಪು ಕಣ್ಣಿನದ್ದಲ್ಲ.

ಮೂರನೇದು, ಎಷ್ಟು ಕೆಳಗೆ ಇಳಿಯುತ್ತೆ ಅಂತ ಕೇಳಿ. ನಮ್ಮ ಕಣ್ಣು ಮೋಸಗಾರ. ಬೆಳಕು ಹತ್ತನೇ ಒಂದಕ್ಕೆ ಇಳಿದ್ರೂ ಕಣ್ಣಿಗೆ ಮೂರನೇ ಒಂದರಷ್ಟು ಕಾಣುತ್ತೆ. ಶೇಕಡಾ 20ಕ್ಕೆ ನಿಂತು ಬಿಡೋ ಬಲ್ಬು ಕಣ್ಣಿಗೆ ಹೆಚ್ಚುಕಡಿಮೆ ಅರ್ಧದಷ್ಟು ಕಾಣುತ್ತೆ, ರಾತ್ರಿಗೆ ಅದು ಸಾಕಾಗಲ್ಲ. ಶೇಕಡಾ 5ರವರೆಗಾದ್ರೂ ಇಳಿಯಬೇಕು.

ನಾಲ್ಕನೇದು, ಹತ್ತು ಬಲ್ಬು ಒಟ್ಟಿಗೆ ಕೊಳ್ಳಬೇಡಿ. ಒಂದು ಡಿಮ್ಮರ್, ಒಂದು ಬಲ್ಬು ತಂದು ವಾರ ಬಳಸಿ. ಮೊಬೈಲ್ ಕ್ಯಾಮರಾದ ಸ್ಲೋ ಮೋಷನ್ನಿನಲ್ಲಿ ಬಲ್ಬು ನೋಡಿ, ಮಿಣುಕ್ತಾ ಪಟ್ಟೆ ಓಡ್ತಿದ್ರೆ ಬೇಡ. ಆರಿಸಿದ ಮೇಲೂ ಬಲ್ಬು ಮಂಕಾಗಿ ಉರೀತಿದ್ರೆ ದೆವ್ವ ಅಲ್ಲ. ಸ್ವಿಚ್ಚಿನ ಇಂಡಿಕೇಟರಿನ ಕೆಲಸ ಇರಬಹುದು, ಇಲ್ಲಾ ಎಲೆಕ್ಟ್ರಿಷಿಯನ್ ಫೇಸ್ ಬದಲು ನ್ಯೂಟ್ರಲ್ಲಿಗೆ ಸ್ವಿಚ್ ಹಾಕಿರಬಹುದು. ಎರಡನೆಯದಾದ್ರೆ ಅಪಾಯ, ಇವತ್ತೇ ತೋರಿಸಿ. ಮುಚ್ಚಿದ ಗಾಜಿನ ಬುರುಡೆಯೊಳಗೆ ಎಲ್‌ಇಡಿ ಹಾಕಿದ್ರೆ ಶಾಖಕ್ಕೆ ಡ್ರೈವರ್ ಬೇಗ ಸಾಯುತ್ತೆ, ಅದೂ ನೆನಪಿರಲಿ.

ಕೊನೇದು, ಎಲ್ಲಕ್ಕಿಂತ ಮುಖ್ಯವಾದದ್ದು. ಡಿಮ್ಮರ್ ಸಿಗಲಿಲ್ಲ, ದುಡ್ಡಿಲ್ಲ, ಬಾಡಿಗೆ ಮನೆ ಅಂದ್ರೂ ದೀಪ ಸಣ್ಣ ಮಾಡಬಹುದು. ಒಂದೇ ದೊಡ್ಡ ದೀಪದ ಬದಲು ಎರಡು ಮೂರು ಸಣ್ಣ ದೀಪ, ಬೇರೆ ಬೇರೆ ಸ್ವಿಚ್ಚಿಗೆ. ಓದೋಕೆ ಮೇಜಿನ ಮೇಲೊಂದು, ಮಾತಾಡೋಕೆ ಮೂಲೆಯಲ್ಲೊಂದು, ನಡೆಯೋಕೆ ನೆಲದ ಹತ್ತಿರ ಅರ್ಧ ವ್ಯಾಟಿನದ್ದೊಂದು. (ಹಳೇ ಜೀರೋ ಕ್ಯಾಂಡಲ್ ಬಲ್ಬು ಹೆಸರಿಗೆ ಸೊನ್ನೆ, ತಿನ್ನುತ್ತಿದ್ದದ್ದು ಹನ್ನೆರಡರಿಂದ ಹದಿನೈದು ವ್ಯಾಟು. ಈಗ ಅರ್ಧ ವ್ಯಾಟಿನದ್ದು ನಿಜವಾಗಲೂ ಸೊನ್ನೆಗೆ ಹತ್ತಿರ.) ಹಾಲಿನ ಸೀಲಿಂಗಿನಲ್ಲಿ ಇಪ್ಪತ್ತು ತೂತು ಕೊರೆದು ಎಲ್ಲವನ್ನೂ ಎರಡೇ ಸ್ವಿಚ್ಚಿಗೆ ಕಟ್ಟೋ ಇಂಟೀರಿಯರ್ ಡಿಸೈನರುಗಳಿಗೆ ಮಾತ್ರ ನನ್ನ ಕ್ಷಮೆ ಇಲ್ಲ.

ಅಪ್ಪನ ರೂಮಿನಲ್ಲಿ ಈಗ ಮಂಚದ ಪಕ್ಕ ಒಂದು ಡಿಮ್ಮರ್ ಇದೆ, 2700 ಕೆಲ್ವಿನ್ ಬಲ್ಬಿಗೆ. ಬಾತ್‌ರೂಮಿನ ದಾರಿಯಲ್ಲಿ ಮೊಣಕಾಲೆತ್ತರಕ್ಕೆ ಹೊಂಬಣ್ಣದ ಎರಡು ಪುಟ್ಟ ದೀಪ, ಆಳು ಸುಳಿದ್ರೆ ತಾವಾಗೇ ಹೊತ್ತುತ್ತವೆ. ಎಲ್ಲ ಸೇರಿ ಒಂದು ಭಾನುವಾರದ ಕೆಲಸ. ಎರಡು ವರ್ಷದ ಹಿಂದೆಯೂ ಅದು ಒಂದು ಭಾನುವಾರದ ಕೆಲಸವೇ ಆಗಿತ್ತು. ಆಗ ನಾನು ಟೈಲ್ಸ್ ಆರಿಸೋದರಲ್ಲಿ ಬಿಜಿ ಇದ್ದೆ.

ಮೊದಲ ರಾತ್ರಿ ಅಪ್ಪ ಆ ತಿರುಗಣೆಯನ್ನು ಮೇಲೆ ಕೆಳಗೆ ಮಾಡಿ ನೋಡಿದ್ರು. "ಲಾಟೀನು" ಅಂದ್ರು. ಅಷ್ಟೇ.

ಇವತ್ತು ಈ ಪೋಸ್ಟ್ ಓದಿ ಮುಗಿಸಿದವರು ಒಂದು ಕೆಲಸ ಮಾಡಿ. ಊರಿನಲ್ಲಿರೋ ಅಪ್ಪ ಅಮ್ಮನಿಗೆ ಫೋನ್ ಹಚ್ಚಿ, "ಊಟ ಆಯ್ತಾ, ಮಳೆ ಬಂತಾ" ಎಲ್ಲ ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿ: "ರಾತ್ರಿ ಎದ್ದಾಗ ಲೈಟ್ ಹಾಕ್ತೀರಾ?" ಏನಂದ್ರು ಅಂತ ಇಲ್ಲಿ ಬಂದು ಬರೀರಿ.

ಕೊನೆಕೊಸರು: ಇದನ್ನು ಬರೆದದ್ದು ರಾತ್ರಿ ಹನ್ನೆರಡೂವರೆಗೆ, ಕಣ್ಣೆದುರು ಲ್ಯಾಪ್‌ಟಾಪಿನ ನೀಲಿ ಬೆಳಕು ಕುಡಿಯುತ್ತಾ. ಹೇಳೋದು ಆಚಾರ... ಗೊತ್ತಲ್ಲ :)